ಬಾಟ್ಲಿ ಮ್ಯಾಲಿನ ಕಚ್ಚು

ದಿಲ್ಲಿಯೊಳಗ ಬಾದಶಹಾನ ದರ್ಬಾರ ಆದ ವರ್ಷ ಸಂಗೊಳ್ಳಿಯ ಮಡಿವಾಳೆಪ್ಪ ಹತ್ತಿ ಹೇರಿದ ಬಂಡಿಯಿಂದ ಬಿದ್ದು ಬಲತೊಡಿ ಮುರಕೊಂಡ. ಎಲುವು ಕೂಡಿತು, ನೋವೂ ಹೋತು. ಹೋಗದ ಉಳಿದದ್ದು ಸವದತ್ತಿಯ ಡಾಕ್ಟರು ಕೊಟ್ಟ ಬಾಟ್ಲಿ ಒಂದೇ. ಅಫೀಮು ಕೂಡಿಸಿದ ಕಂದು ಔಷಧ. ಬಾಟ್ಲಿಗೆ ಅಂಟಿಸಿದ ಕಾಗದದ ಪಟ್ಟಿಗೆ ಕತ್ತರಿಲೆ ಎಂಟು ಕಚ್ಚು ಹಾಕಿದ್ದರು. ದಿನಕ್ಕೊಂದು ಕಚ್ಚು ಕುಡಿ, ಎಂಟು ದಿನಕ್ಕ ಬಿಡು ಅಂದಿದ್ದರು. ಈ ಮಹರಾಯ ಮೊದಲಿನ ಮಾತು ಕೇಳಿಸಿಕೊಂಡ, ಎರಡನೇದು ಕೇಳಿಸಲೇ ಇಲ್ಲ.

ಅವರು ಇನ್ನ ಸಾಕು ಅಂದಾಗ ರಾಮದುರ್ಗಕ್ಕ ಬಂಡಿ ಹೂಡಿದ. ಅಲ್ಲಿಯ ಡಾಕ್ಟರ ಮುಂದ ಎಡಗಾಲು ಕುಂಟಿದ! ಜೊತಿಗೆ ಬಂದಿದ್ದ ಹೆಂಡತಿ ತಂಗೆವ್ವ ನಗಬೇಕೋ ಅಳಬೇಕೋ ತಿಳೀದ ಸೆರಗು ಬಾಯಿಗೆ ಒತ್ತಿಕೊಂಡಳು.

ಔಷಧ ತಪ್ಪಿದ ದಿನ ಅವ ಕುಂತಲ್ಲಿ ಕುಂಡ್ರತಿರಲಿಲ್ಲ. ಪಡಸಾಲಿಗೆ ಬರ್ತಿದ್ದ, ಹಿತ್ತಲಕ್ಕ ಹೋಗ್ತಿದ್ದ, ಮೂಗು ಸೋರತಿತ್ತು, ಎತ್ತಿಗೆ ಸೈತ ಬೈತಿದ್ದ. ಬಿತ್ತೋ ಹದ ಬಂದು ಹೋತು, ಕೂರಿಗಿ ಅಟ್ಟದಿಂದ ಇಳೀಲಿಲ್ಲ. ಎದಿಮ್ಯಾಲಿನ ಲಿಂಗ ಮುಟ್ಟಿ ಬಿಟ್ಟೆ ಅಂದ. ಮೂರನೇ ದಿನಕ್ಕ ಆಣಿ ಮುರದ. ಆ ನಾಚಿಕಿಗೆ ಉಳಿದ ಬಾಟ್ಲಿಗಳನ್ನ ತಂಗೆವ್ವನ ಕೈಯಾಗ ಕೊಟ್ಟು, ನೀನ ಅಳದು ಹಾಕು ಅಂದ.

ಗಂಡ ಹಿಂಗ ಕರಗಿ ಹೋಗೋದನ್ನ ನೋಡಿ ನೋಡಿ ಅಕಿಗೆ ಸಾಕಾಗಿತ್ತು. ನೆಲಬೇವಿನ ಕಷಾಯಕ್ಕ ಬೆಲ್ಲ ಕಾಸಿ ಹಾಕಿದಳು. ಬಣ್ಣ ಅದೇ, ಕಹಿ ಅದೇ. ದಿನಾ ಒಂದು ಚಮಚ ಔಷಧ ತಗದು ಅಷ್ಟೇ ಕಷಾಯ ಸುರುವಿದಳು. ಮೂರು ತಿಂಗಳಿಗೆ ಬಾಟ್ಲಿಯೊಳಗ ಔಷಧದ ಹನಿಯೂ ಉಳೀಲಿಲ್ಲ. ಅವಗ ರೊಟ್ಟಿ ರುಚಿ ಹತ್ತಿತು, ಹೊಲದ ದಾರಿ ನೆನಪಾತು.

ಆದರ ಔಷಧ ಹಳೇದಾಗೇತಿ, ಹಿಡೀವಲ್ದು ಅನ್ನಾಕ ಹತ್ತಿದ. ಒಂದು ಕಚ್ಚು ಎರಡಾತು, ಎರಡು ಐದಾತು. ಕುಡೀಲಿ, ಬೆಲ್ಲದ ನೀರಲ್ಲೇನು ಅಂತ ತಂಗೆವ್ವ ಒಳಗೊಳಗ ನಕ್ಕಳು. ಹೇಳಿದರ ಮತ್ತ ಚಟ ಹತ್ತೀತು ಅನ್ನೋ ಅಂಜಿಕಿ ಇತ್ತು. ಖರೆ ಹೇಳಬೇಕಂದರ, ತನ್ನ ಜಾಣತನದ ಹುರುಪೂ ಇತ್ತು.

ಒಂದು ಸೋಮವಾರ ಅವ ಕಿತ್ತೂರಿಗೆ ಹೋಗಿ ಮಧ್ಯಾಹ್ನಕ್ಕ ಬಂದ. ತಂಗೆವ್ವ ನೀರು ತಗೊಂಡು ಹೊರಗ ಬಂದರ, ಕಟ್ಟಿಮ್ಯಾಲೆ ಒರಗಿದ್ದ. ತುಟಿ ನೀಲಿ, ಉಸಿರು ಎಲ್ಲೋ ದೂರದಿಂದ ಬಂದಂಗ. ಪಕ್ಕದಾಗ ಕಿತ್ತೂರಿಂದ ತಂದ ಹೊಸ ಬಾಟ್ಲಿ, ಖರೇ ಔಷಧದ್ದು. ಐದು ಕಚ್ಚು ಖಾಲಿ.

ಅಕಿ ಎದಿ ಒಡದು ಹೋತು. ಬೆಲ್ಲದ ನೀರು ಕುಡಿಸಿ ಐದು ಕಚ್ಚಿನ ರೂಢಿ ಮಾಡಿಸಿದಾಕಿ ತಾನ. ನೆರಮನಿಯ ಕೆಂಚವ್ವ ಸಾಸಿವಿ ನೀರು ಕುಡಿಸಿ ಕಾರಿಸಿದಳು. ಮಲಗಗೊಡಬ್ಯಾಡ, ಮಲಗಿದರ ಏಳೂದಿಲ್ಲ ಅಂದಳು. ಇಬ್ಬರೂ ಒಂದೊಂದು ರಟ್ಟಿ ಹಿಡದು ಅಂಗಳದ ತುಂಬ ನಡಿಸಿದರು. ಎರಡು ವರ್ಷ ಗಂಡನ್ನ ಒಂದ ಕಡೆ ಕುಂಡ್ರಸಾಕ ಒದ್ದಾಡಿದ ತಂಗೆವ್ವ, ಈಗ ಕುಂಡ್ರಗೊಡದಂಗ ಕಪಾಳಕ್ಕ ಹೊಡದು ಹೊಡದು ನಡಿಸಿದಳು. ಕೈ ಎತ್ತಿದಾಗೊಮ್ಮೆ ಅತ್ತಳು.

ಹೊತ್ತು ಇಳಿಯೋ ಮುಂದ ಅವ ಕಣ್ಣು ತಗದು ಅಕಿ ಹೆಸರು ಹಿಡದು ಕರದ. ಕೆಂಚವ್ವ ಮನಿಗೆ ಹೋದಳು.

"ನಿಮ್ಮನ್ನ ಈ ಗತಿಗೆ ತಂದಾಕಿ ನಾನ ರೀ," ಅಂದಳು ತಂಗೆವ್ವ. "ಇಪ್ಪತ್ತೆರಡು ದಿನ ಆತು, ನೀವು ಕುಡದದ್ದು ಬರೇ ಬೆಲ್ಲ, ನೆಲಬೇವು."

ಹೊಡೀತಾನ ಅಂತ ತಲಿ ಬಗ್ಗಿಸಿದಳು. ಅವ ಕೈ ಎತ್ತಲಿಲ್ಲ.

"ಅಷ್ಟು ದಿನಾ ನಾ ನಿದ್ದಿ ಮಾಡೀನೇನು?"

"ಗೊರಕಿ ಹೊಡದೀರಿ."

ಅವನ ಕೈ ಕಿತ್ತೂರಿನ ಬಾಟ್ಲಿ ಕಡೆ ಹೋತು, ಮತ್ತ ತೊಡಿಮ್ಯಾಲೆ ಬಂತು.

"ನಿನ್ನದು ಹಾಕು. ಒಂದ ಕಚ್ಚು."

ಅವನ ಕಣ್ಣಮುಂದ ಹಾಕಿ ಕೊಟ್ಟಳು. ಕುಡದು ಮಾರಿ ಸಿಂಡರಿಸಿ, ಬೆಲ್ಲ ಕಡಿಮಿ ಆಗೇತಿ ಅಂದ. ತಂಗೆವ್ವ ಹೂಂ ಅಂದಳು. ಕಿತ್ತೂರಿನ ಬಾಟ್ಲಿಯೊಳಗ ಇನ್ನೂ ಮೂರು ಕಚ್ಚು ಔಷಧ ಇತ್ತು, ಇಬ್ಬರೂ ಅದರ ಕಡೆ ನೋಡದಂಗ ಕುಂತಿದ್ದರು.