ಗುಲಮಂಡಿಯಲ್ಲಿ ಇಬ್ಬರೇ

ಶಿವಕಾಂತನ ತಲೆ ಮತ್ತೆ ಮುಂದಕ್ಕೆ ಜೋಲಿತು. ಹಣೆಗೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದ ಬಟ್ಟೆ ಸಡಿಲಾಗಿತ್ತು. ಆಗಷ್ಟೇ ವೈಜಾಪುರದ ಬಸ್ಸಿಳಿದು ಬಂದು ಹೊಸ್ತಿಲು ದಾಟಿದ್ದ ಮನ್ಮಥಪ್ಪ ಓಡಿಹೋಗಿ ಗೆಳೆಯನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ನಾಲ್ಕು ದಿನದ ಗಡ್ಡ ಅಂಗೈಗೆ ಚುಚ್ಚಿತು. ಇನ್ನೂ ಬಿಸಿ ಇದೆಯಲ್ಲ ಅನ್ನಿಸಿತು. ಅದು ತನ್ನ ಕೈಯದೇ ಬಿಸಿ ಎಂದು ಆಮೇಲೆ ತಿಳಿಯಿತು.

"ಕೈ ತೆಗಿ," ಎಂದರು ಗುರುಲಿಂಗಪ್ಪ.

ಗುರುಲಿಂಗಪ್ಪ ಸತ್ತವನ ತಂದೆ. ಭಾಲ್ಕಿಯ ಕಡೆಯಿಂದ ಬಂದು, ನಾಸಿಕ್ ರೋಡಿನ ಪ್ರೆಸ್ಸಿನಲ್ಲಿ ದುಡಿದು, ಇಲ್ಲೇ ಫ್ಲ್ಯಾಟು ಮಾಡಿಕೊಂಡು ನಿವೃತ್ತರಾದವರು. ಮಗನ ಹೆಣದ ಪಕ್ಕ ಗೋಡೆಗೆ ಒರಗಿ ಅವರೂ ಅವನಂತೆಯೇ ನೆಟ್ಟಗೆ ಕೂತಿದ್ದರು.

"ತಲಿ ಬೀಳ್ಲತ್ತಿತ್ತು ಕಾಕಾ..."

"ಬೀಳ್ಲಿ. ಬೀಳಿಸಿದಾಂವ ನೀನೇ. ಈಗ ಎತ್ಲಾಕ ಬಂದೀಯೇನು?"

ಮೇಲಿನ ಮಹಡಿಯ ರಾಧಾಬಾಯಿ ತನ್ನ ಸೊಸೆಗೆ, "ಯಾಂಚ್ಯಾತ್ ಬಸವೂನ್ ನೇತಾತ್," ಇವರಲ್ಲಿ ಕೂರಿಸಿಯೇ ಒಯ್ಯುತ್ತಾರೆ, ಎಂದು ಪಿಸುದನಿಯಲ್ಲಿ ತಿಳಿಸಿಕೊಡುತ್ತಿದ್ದವಳು ಬಾಯಿ ಮುಚ್ಚಿದಳು. ಮರಾಠಿಯವರಿಗೂ ಅರ್ಥವಾಗುವಂಥ ಸಿಟ್ಟು ಅದು.

"ಎಲ್ಲಾರೂ ಕೇಳ್ರಿ," ಎಂದರು ಗುರುಲಿಂಗಪ್ಪ. "ಡಯಾಲಿಸಿಸ್ ಬಂದ್ ಮಾಡ್ತೀನಿ ಅಂದ ನನ್ನ ಮಗ. ನಾ ಬ್ಯಾಡಂದೆ. ಅವರವ್ವ ಕಾಲು ಹಿಡದ್ಳು. ಏನಂದ ಗೊತ್ತದ ಏನು? 'ಮನ್ಮಥಗ ಕೇಳೀನಿ, ಅಂವ ಹೂಂ ಅಂದಾನ' ಅಂದ. ಹಡದವರ ಮಾತಿಗಿ ಕಿಮ್ಮತ್ತಿಲ್ಲ, ಕಂಪ್ಯೂಟರ್ ಆಟದಾಗಿನ ದೋಸ್ತನ ಮಾತಿಗಿ ಕಿಮ್ಮತ್ತು! ಹೇಳಪಾ ನೀನೇ. ಹೂಂ ಅಂದಿಯೋ ಇಲ್ಲೋ?"

ಮನ್ಮಥಪ್ಪ ಅಡುಗೆಮನೆಯ ಬಾಗಿಲತ್ತ ನೋಡಿದ. ಅಲ್ಲಿ ಶಿವಕಾಂತನ ಹೆಂಡತಿ ಅನುರಾಧಾ ಬಿಲ್ವಪತ್ರೆಯ ತಟ್ಟೆ ಹಿಡಿದು ನಿಂತಿದ್ದಳು.

"ಅಂದೆ ಕಾಕಾ," ಎಂದ.

ಅವನು ಅಂದಿರಲಿಲ್ಲ. ಆ ಆಟದೊಳಗೆ ಕಾಲಿಡದೇ ಅವನಿಗೆ ವರ್ಷಗಳೇ ಆಗಿದ್ದವು.

*

ಸಂಭಾಜಿನಗರವನ್ನು ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದ ಕಾಲ ಅದು. ಉಸ್ಮಾನಪುರಾದಲ್ಲಿ ಔಷಧಿ ಅಂಗಡಿಯ ಮೇಲೊಂದು ಸೈಬರ್ ಕೆಫೆ. ಡಿಪ್ಲೊಮಾ ಓದಲೆಂದು ಬಂದು ಒಂದೇ ಖೋಲಿಯಲ್ಲಿದ್ದ ಶಿವಕಾಂತ, ಮನ್ಮಥಪ್ಪ ಇಬ್ಬರೂ ಮಧ್ಯಾಹ್ನದ ಪಾಠಕ್ಕೆ ಚಕ್ಕರ್ ಹೊಡೆದು ಅಲ್ಲಿ ಕೂರುತ್ತಿದ್ದರು. ಕಂಪ್ಯೂಟರಿನೊಳಗೆ ಒಂದು ಇಡೀ ರಾಜ್ಯ. ಯಾವ ಯಾವ ದೇಶದವರೋ ಒಂದೊಂದು ವೇಷ ತೊಟ್ಟು ಅದರಲ್ಲಿ ಅಲೆಯುತ್ತಿದ್ದರು, ಕಾದುತ್ತಿದ್ದರು, ಟೈಪು ಮಾಡಿ ಹರಟುತ್ತಿದ್ದರು. ಆಟದ ಇಂಗ್ಲಿಷ್ ಹೆಸರು ಇವರ ಬಾಯಲ್ಲಿ ತಿರುಗಲಿಲ್ಲ, ಕೋಟೆ ಎಂಬರ್ಥದಲ್ಲಿ 'ಗಢ' ಎಂದುಬಿಟ್ಟರು. ಅದರ ಮೊದಲ ಊರಿನ ಸಂತೆಯ ಗದ್ದಲ ನೋಡಿ ಅದಕ್ಕೆ ಔರಂಗಾಬಾದಿನ ಪೇಟೆಯ ಹೆಸರನ್ನೇ ಇಟ್ಟರು, ಗುಲಮಂಡಿ. ಆಚೆಗಿನ ಜೌಗಿಗೆ ಔರಂಗಾಬಾದಿನದೇ ನಾರುವ ಖಾಮ್ ನದಿಯ ಹೆಸರು ಬಂತು.

ಮನ್ಮಥಪ್ಪನದು ಢಾಲಿನವನ, ಗುರಾಣಿ ಹಿಡಿದವನ ವೇಷ. ಮುಂದೆ ನಿಂತು ಬರುವ ಹೊಡೆತವನ್ನೆಲ್ಲ ತಿನ್ನುವುದು ಅವನ ಕೆಲಸ. ಶಿವಕಾಂತ ಹಿಂದೆ ನಿಂತು ಬಾಣ ಬಿಡುವವನು. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ನಕಾಶೆ ಇರಲಿಲ್ಲ, ಹೇಳಿಕೊಡುವವರಿರಲಿಲ್ಲ. ಗುಡ್ಡದಾಚೆ ಏನಿದೆ ಎಂದು ತಿಳಿಯಬೇಕಾದರೆ ಗುಡ್ಡ ಹತ್ತಿ ಸಾಯಬೇಕಿತ್ತು. ಒಂದು ಸಲ ಖಾಮ್ ನದಿಯಲ್ಲಿ ದಾರಿ ತಪ್ಪಿ ಇಬ್ಬರೂ ಅಲೆಯುತ್ತಿದ್ದಾಗ ಯಾರೋ ಅಪರಿಚಿತ ಎದುರಾಗಿ, ಒಂದು ಮಾತೂ ಆಡದೆ, ಗುಲಮಂಡಿಯ ಬಾಗಿಲ ತನಕ ಪಂಜು ಹಿಡಿದು ನಡೆಸಿಕೊಂಡು ಬಂದ. ಧನ್ಯವಾದ ಟೈಪು ಮಾಡುವಷ್ಟರಲ್ಲಿ ಕರೆಂಟು ಹೋಯಿತು. ಲೋಡ್ ಶೆಡ್ಡಿಂಗಿನ ಕಾಲ. ಕೆಫೆಯ ಹುಡುಗರೆಲ್ಲ ಒಟ್ಟಿಗೆ ಹೋ ಎಂದು ಕೂಗಿದರು. ಆ ಮನುಷ್ಯ ಮತ್ತೆ ಸಿಗಲಿಲ್ಲ. ಶಿವಕಾಂತ ಮಾತ್ರ ಅವನ ಕತೆಯನ್ನು ಮದುವೆಯಾದ ಹೊಸತರಲ್ಲಿ ಅನುರಾಧಾಳಿಗೂ ಹೇಳಿದ್ದ, ಹೋದ ವರ್ಷವೂ ಹೇಳಿದ್ದ.

ಆಮೇಲಿನದು ಎಲ್ಲರಿಗೂ ಆಗುವಂಥದೇ. ಮನ್ಮಥಪ್ಪ ವೈಜಾಪುರದಲ್ಲಿ ಅಪ್ಪನ ಬೀಜದ ಅಂಗಡಿ ಹಿಡಿದ. ಶಿವಕಾಂತ ನಾಸಿಕ್ ರೋಡಿನ ಹತ್ತಿರದ ದೇವಳಾಲಿ ಮಿಲಿಟರಿ ಕ್ಯಾಂಪಿನಲ್ಲಿ ಕೊರಿಯರ್ ಅಂಗಡಿ ಇಟ್ಟ. ಫೌಜಿಯವರ ಹೆಂಡಂದಿರು ತರುವ ಲಾಡು, ಸ್ವೆಟರುಗಳ ಡಬ್ಬಿಗೆ ಪಟ್ಟಿ ಸುತ್ತುತ್ತ, ಆರಕ್ಕೇರದೆ ಮೂರಕ್ಕಿಳಿಯದೆ ಬದುಕಿದ. ನಡುವೆ ಆಟದ ಕಂಪನಿ ಗಢವನ್ನು ಮುಚ್ಚಿತು. ನಡುವೆಯೇ ಶಿವಕಾಂತನ ಕಿಡ್ನಿಗಳೂ ಕೈಕೊಟ್ಟವು.

ಅಂಗಡಿ ಬಿಟ್ಟು ಮನೆ ಹಿಡಿದ ಮೇಲೆ ಅವನಿಗೊಂದು ಸುದ್ದಿ ಸಿಕ್ಕಿತು. ಯಾರೋ ಹಳೇ ಹುಚ್ಚರು ಸೇರಿ ಗಢವನ್ನು ಮೊದಲಿದ್ದ ಹಾಗೆಯೇ ಮತ್ತೆ ಎಬ್ಬಿಸಿದ್ದಾರೆ, ಹಳೇ ಹೆಸರು, ಹಳೇ ವೇಷ ಎಲ್ಲ ಹಾಗೇ ಇವೆ. ಒಳಗೆ ಹೋದ. ಬಾವಿಕಟ್ಟೆ ಇತ್ತು, ಕಲ್ಲಿನ ಕಮಾನಿತ್ತು, ಜನ ಇರಲಿಲ್ಲ. ಅಲ್ಲೊಬ್ಬ ಇಲ್ಲೊಬ್ಬ ಬಂದು ನೋಡಿ, ಹಳೆಯ ನೆನಪಿಗೆ ಎರಡು ಹನಿ ಕಣ್ಣೀರು ಹಾಕಿ ಹೋಗಿಬಿಡುತ್ತಿದ್ದರು. ಶಿವಕಾಂತ ಮಾತ್ರ ಸಂಜೆಯಾದರೆ ಬಾವಿಕಟ್ಟೆಯ ಮೇಲೆ ಬಿಲ್ಲು ಇಟ್ಟುಕೊಂಡು ಕೂರುತ್ತಿದ್ದ. ಮನ್ಮಥ ಬರ್ತಾನ ಎನ್ನುತ್ತಿದ್ದ. ಮನ್ಮಥಪ್ಪನಿಗೆ ಅಂಗಡಿಯೇ ಸಾಕಾಗಿತ್ತು.

*

ಹೆಣ ಹೊರಡಿಸುವ ಮೊದಲು ಅನುರಾಧಾ ಹಿಂದಿನ ಗ್ಯಾಲರಿಗೆ ಬಂದಳು. ಮನ್ಮಥಪ್ಪ ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಬ್ಬನೇ ನಿಂತಿದ್ದ.

"ಯಾಕ ಸುಳ್ಳು ಹೇಳಿದ್ರಿ ಭಾವೂಜಿ?"

"ಬಿಡ್ರಿ ವೈನಿ."

"ಹೂಂ ಅಂದಾಕಿ ನಾನು. ನಿಮಗ ಗೊತ್ತದ."

ಗೊತ್ತಿತ್ತು. ಎರಡು ವರ್ಷದ ಹಿಂದೆ ಫೋನು ಮಾಡಿ, ಅತ್ತುಕೊಂಡು, ಅವನ ಆಟದ ಹೆಸರು ಪಾಸ್‌ವರ್ಡು ಕೇಳಿದವಳು ಅವಳೇ. ದಿನಾ ಸಂಜೆ ದಾರಿ ಕಾಯುತ್ತಾರೆ, ನೋಡಲಿಕ್ಕಾಗುವುದಿಲ್ಲ, ನಿಮ್ಮ ಹೆಸರಲ್ಲಿ ನಾನೇ ಹೋಗಿ ಕೂರುತ್ತೇನೆ ಎಂದಿದ್ದಳು. ಮನ್ಮಥಪ್ಪ ಮರುಮಾತಿಲ್ಲದೆ ಕೊಟ್ಟಿದ್ದ. ಕೊಟ್ಟು ಹಗುರಾಗಿದ್ದ ಕೂಡ. ಅಂದಿನಿಂದ ಪಡಸಾಲೆಯಲ್ಲಿ ಶಿವಕಾಂತ ಕಂಪ್ಯೂಟರ್ ಮುಂದೆ, ಅಡುಗೆಮನೆಯಲ್ಲಿ ಅನುರಾಧಾ ಮೊಬೈಲು ಹಿಡಿದು. ನಡುವೆ ಒಂದು ಗೋಡೆ. ಗೋಡೆಯ ಈಚೆ ಗಂಡನಿಗೆ ಡಾಕ್ಟರು ಹೇಳಿದಷ್ಟೇ ನೀರನ್ನು ಲೋಟದಲ್ಲಿ ಅಳೆದು ಕೊಡುವ ಹೆಂಡತಿ, ಆಚೆ ಗುಲಮಂಡಿಯಲ್ಲಿ ಢಾಲು ಹಿಡಿದ ದೋಸ್ತ.

"ನನ್ನ ಸಂಗ್ಟ ಗುಳಿಗಿ, ಉಪ್ಪು, ನೀರು, ಇಷ್ಟೇ ಮಾತಿತ್ತು," ಎಂದಳು. "ನಿಮ್ಮ ಸಂಗ್ಟ ಅಂದ್ರ ಎಲ್ಲಾ ಮಾತಾಡ್ತಿದ್ರು. ನಗ್ತಿದ್ರು. ಅಡಗಿ ಮನಿಗಿ ನಗು ಕೇಳಸ್ತಿತ್ತು. ಒಂದಿನ ಬಾವಿಕಟ್ಟಿ ಮ್ಯಾಲ ಕೂತು ಕೇಳಿದ್ರು. ಮನ್ಮಥ, ಸಾಕಾಗ್ಯದೋ, ಸೂಜಿ ಸಾಕಾಗ್ಯದ, ಬಿಟ್ಟುಬಿಡ್ಲಾ? ಅಂತ." ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಅನುರಾಧಾ ಆಗಿದ್ರ ಕಾಲಿಗಿ ಬೀಳ್ತಿದ್ದೆ. ಖರೇ ಅಂದ್ರ ಮನ್ಮಥ ಏನಂತಾನ, ಅಂತ ವಿಚಾರ ಮಾಡ್ದೆ. 'ಸಾಕಾಗಿದ್ರ ಬಿಡೋ ಯಾರ್, ಯಾರಿಗಿ ಅಂಜ್ತಿ' ಅಂತ ಟೈಪ್ ಹೊಡದೆ. ಸುಮ್ನ ಬ್ಯಾಸರಕ್ಕ ಕೇಳ್ಲತ್ತಾರ ಅಂದ್ಕೊಂಡಿದ್ದೆ. ಮರುದಿನದಿಂದ ದವಾಖಾನಿಗಿ ಹೋಗ್ಲೇ ಇಲ್ಲ. ನಿಮ್ಮ ಹೆಸರ್ಲೆ ನಾ ಕೊಂದೀನ್ರಿ ಭಾವೂಜಿ."

ಹೇಳಬೇಡ ಎಂದು ಶಿವಕಾಂತ ಹೇಳಿದ್ದ. ಆದರೆ ಎದುರಿಗೆ ನಿಂತವಳ ಮುಖ ನೋಡಿ ಮನ್ಮಥಪ್ಪನಿಗೆ ತಡೆಯಲಾಗಲಿಲ್ಲ. ಹೇಳಿದರೆ ಅವಳ ಭಾರ ಇಳಿಯುತ್ತದೆ ಎಂದು ನಂಬಿದ.

"ಅವಗ ಗೊತ್ತಿತ್ತು ವೈನಿ," ಎಂದ.

*

ಹದಿನೈದು ದಿನದ ಹಿಂದೆ ಅಂಗಡಿಯಲ್ಲಿ ಹತ್ತಿಬೀಜದ ಚೀಲ ಇಳಿಸುತ್ತಿದ್ದಾಗ ಶಿವಕಾಂತನ ಫೋನು ಬಂದಿತ್ತು.

"ಲೇ ಮನ್ಮಥ, ನಿನ್ನ ವೇಷದಾಗ ನಮ್ಮ ಮನ್ಯಾಕಿ ಬರ್ಲತ್ತಾಳ. ಎರಡ್ನೇ ದಿನಕ್ಕೇ ಗೊತ್ತಾಯ್ತು ನನಗ."

"ಹ್ಯಾಂಗ?"

"ಕುಕ್ಕರ್ ಸೀಟಿ ಹೊಡದ್ರ ಸಾಕು, ಮೈಮ್ಯಾಲ ರಾಕ್ಷಸ ಬಿದ್ರೂ ನೀ ಗಪ್ಪ ನಿಂತಬಿಡ್ತಿ. ಹಾಲು ಉಕ್ಕಿದ್ರ ನೀ ಸತ್ತೇಹೋಗ್ತಿ." ಶಿವಕಾಂತ ನಗುತ್ತಿದ್ದ, ನಗುವಿನಲ್ಲೇ ಉಸಿರು ಕಟ್ಟುತ್ತಿತ್ತು. "ಮ್ಯಾಲ ನೀ ಹುಟ್ಟಿ ಒಂದ್ ಬುಡ್ಡಿ ಔಷಧ ಯಾರಿಗರ ಕೊಟ್ಟೀಯೇನಲೇ? ಈಕಿ ಆಟದಾಗ ಬುಡ್ಡಿ ಮ್ಯಾಲ ಬುಡ್ಡಿ ಕುಡಿಸ್ತಾಳ ನನಗ. ಮನ್ಯಾಗ ಒಂದ್ ಗುಟುಕು ನೀರಿಗಿ ಲೆಕ್ಕ."

"ಮತ್ತ ಹೇಳ್ಬೇಕಿಲ್ಲ ಆಕಿಗಿ?"

"ಹೇಳಿದ್ರ ಬರೋದ್ ಬಿಡ್ತಾಳ." ಶಿವಕಾಂತ ದನಿ ಇಳಿಸಿದ. "ನಿನ್ನಿ ಕೇಳೀನಿ, ಬಿಡ್ಲಾ ಅಂತ. ಹೂಂ ಅಂದಾಳ. ನನಗ ಅಷ್ಟು ಬೇಕಿತ್ತು. ನಾಳಿ ಮನ್ಯಾಗ ಆಕಿ ಹೆಸರು ಬರಬಾರ್ದು. ಅಪ್ಪ ಆಕಿನ್ನ ಬದುಕ್ಲಾಕ ಬಿಡಲ್ಲ. ನಿನ್ನ ಹೆಸರು ಹೇಳ್ತೀನಿ. ಮುಂದ ನಿಂತು ಹೊಡ್ತ ತಿನ್ನೋದು ನಿನ್ನ ಕೆಲಸೇ ಅಲ್ಲೇನು?"

"ಹುಚ್ಚನಂಗ ಮಾಡಬ್ಯಾಡ. ನಾ ನಾಳಿ ಬರ್ತೀನಿ."

"ಬರಬ್ಯಾಡ. ಬಂದ್ರ ಬ್ಯಾಡ ಅಂತಿ."

ಮನ್ಮಥಪ್ಪ ಹೋಗಲಿಲ್ಲ. ಬಿತ್ತನೆಯ ಕಾಲ, ಗಿರಾಕಿಗಳು ಸಾಲು ನಿಂತಿದ್ದರು. ಬರಬೇಡ ಎಂದದ್ದು ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು, ಆ ಸಮಾಧಾನಕ್ಕೆ ಈಗ ಹೇಸಿಗೆಯಾಗುತ್ತಿತ್ತು.

*

ಕುಕ್ಕರಿನ ಮಾತು ಕೇಳಿ ಅನುರಾಧಾ ನಕ್ಕುಬಿಟ್ಟಳು. ಒಳಗೆ ಹೆಣವಿದೆ ಎಂಬುದು ನೆನಪಾಗಿ ಗೋಡೆಗೆ ಮುಖ ಒತ್ತಿದಳು. ಬೆನ್ನು ಅಲುಗಾಡುವುದು ನಿಂತ ಮೇಲೆ ತಿರುಗಿದಾಗ ಮುಖದಲ್ಲಿ ಭಾರ ಇಳಿದ ಗುರುತೇನೂ ಇರಲಿಲ್ಲ.

"ಹಂಗಾದ್ರ ಅವರು ಕೇಳಿದ್ದು ನಿಮಗಲ್ಲ," ಎಂದಳು.

ಮನ್ಮಥಪ್ಪ ಒಳಗಿನವರಿಗೆ ಕೇಳಿಸದಂತೆ ಬಾಗಿಲು ಮುಂದಕ್ಕೆಳೆದ.

"ನನಗೇ ಕೇಳಿದ್ರು. ಎದುರಾ ಎದುರು ಕೇಳ್ಲಾಕ ಆಗ್ದೆ ಅಲ್ಲಿಗಿ ಬಂದು ಕೇಳಿದ್ರು. ನಾ... ದೋಸ್ತನಂಗ 'ಬಿಡೋ ಯಾರ್' ಅಂದೆ. 'ಯಾರಿಗಿ ಅಂಜ್ತಿ' ಅಂದೆ."

"ವೈನಿ, ಈ ಮಾತು ಇಲ್ಲಿಗೇ ಬಿಡ್ರಿ. ಅಂವ ಹೇಳಿಟ್ಟಾನ. ನಾ ನಾಳಿ ವೈಜಾಪುರಕ್ಕ ಹೋಗಾಂವ, ನೀವು ಈ ಮನ್ಯಾಗೇ ಇರಾಕಿ. ಕಾಕಾ ನನಗ ಬೈದ್ರ ನನ್ನ ಗಂಟೇನು ಹೋಗ್ತದ?"

ಒಳಗಿನಿಂದ ಅವಳ ಅತ್ತೆ ರುಕ್ಮಿಣಿಬಾಯಿ ಕರೆದರು. ಅನುರಾಧಾ ಒಳಗೆ ಹೋದಳು.

ಲಿಂಗಾಯತರ ರುದ್ರಭೂಮಿ ದೂರವಿರಲಿಲ್ಲ. ಭಾಲ್ಕಿ ಕಡೆಯ ಪದ್ಧತಿಯಂತೆ ಹೆಂಗಸರೂ ಮಣ್ಣಿಗೆ ಬಂದಿದ್ದರು. ಕುಣಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಶಿವಕಾಂತನನ್ನು ಕೂರಿಸಿದರು. ಅಯ್ಯನವರು ಇಷ್ಟಲಿಂಗವನ್ನು ಅವನ ಎಡಗೈಯಲ್ಲಿಟ್ಟು, ಸುತ್ತ ವಿಭೂತಿ ಗಟ್ಟಿ, ಪತ್ರೆ ತುಂಬಿಸಿದರು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ತೋಳು ವಿಭೂತಿಯಲ್ಲಿ ಮರೆಯಾಯಿತು.

ಮೊದಲು ತಂದೆ ಮಣ್ಣು ಕೊಟ್ಟರು, ಆಮೇಲೆ ತಾಯಿ, ಆಮೇಲೆ ಹೆಂಡತಿ. ಅನುರಾಧಾ ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದಳು. ಕಟ್ಟಡದವರು, ದೇವಳಾಲಿಯ ಅಂಗಡಿ ನೆರೆಯವರು ಒಬ್ಬೊಬ್ಬರಾಗಿ ಹಾಕಿದರು. ಎಲ್ಲರ ಹಿಂದೆ ನಿಂತಿದ್ದ ಮನ್ಮಥಪ್ಪ ಬಗ್ಗಿ ಮಣ್ಣೆತ್ತಿಕೊಂಡು ಮುಂದೆ ಬಂದ. ಗುರುಲಿಂಗಪ್ಪ ಅಡ್ಡ ಕೈ ಚಾಚಿದರು.

"ನಿನ್ನ ಕೈಯಿಂದ ಬ್ಯಾಡ. ನನ್ನ ಮಗನ ಮ್ಯಾಲ ನಿನ್ನ ಮಣ್ಣು ಬೀಳಬಾರ್ದು."

ಮನ್ಮಥಪ್ಪ ತಲೆ ತಗ್ಗಿಸಿದ. ಮುಷ್ಟಿಯಲ್ಲಿದ್ದ ಮಣ್ಣನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಒಂದು ಹೆಜ್ಜೆ ಹಿಂದೆ ಸರಿದ.

"ಮಾವನವರ," ಎಂದಳು ಅನುರಾಧಾ, "ಹಂಗಾದ್ರ ನಾ ಹಾಕಿದ ಮಣ್ಣೂ ತೆಗೀರಿ."

"ಏನಂದಿ?"

"ವೈನಿ, ಸುಮ್ನಿರ್ರಿ," ಎಂದ ಮನ್ಮಥಪ್ಪ.

"ಹೂಂ ಅಂದಾಕಿ ನಾನ್ರಿ. ಭಾವೂಜಿ ಆಟಕ್ಕೇ ಬಂದಿಲ್ಲ. ಎರಡ್ ವರ್ಷ ಅವರ ಹೆಸರ್ಲೆ ಆಡಿದಾಕಿ ನಾನು. ನಿಮ್ಮ ಮಗಗ ಅದು ಗೊತ್ತಿತ್ತು. ಗೊತ್ತಿದ್ದೇ ನನಗ ಕೇಳಿದ್ರು. ಸಾಕಾಗ್ಯದ, ಬಿಡ್ಲಾ ಅಂತ ಕೇಳಿದ್ರು. ಬಿಡ್ರಿ ಅಂದೆ."

ಅಯ್ಯನವರ ಮಂತ್ರ ಅರ್ಧಕ್ಕೆ ನಿಂತಿತು. ರುಕ್ಮಿಣಿಬಾಯಿ ಕೂತಲ್ಲೇ ಸೊಸೆಯ ಕಾಲುಗಳನ್ನು ನೋಡುತ್ತಿದ್ದರು, ಮುಖ ನೋಡಲಿಲ್ಲ.

ಗುರುಲಿಂಗಪ್ಪನವರ ಚಾಚಿದ ಕೈ ಕೆಳಗಿಳಿಯಲಿಲ್ಲ. ಅವರು ಸೊಸೆಯನ್ನು ನೋಡಿದರು, ಮನ್ಮಥಪ್ಪನ ಮುಷ್ಟಿಯನ್ನು ನೋಡಿದರು. ಆಮೇಲೆ ಕುಣಿಯ ಅಂಚಿನಲ್ಲಿ ಮೊಣಕಾಲೂರಿ ಒಳಗೆ ಬಗ್ಗಿದರು. ಮಗನ ತೊಡೆಯ ಮೇಲೆ, ವಿಭೂತಿಯ ಮೇಲೆ, ಪತ್ರೆಯ ಮೇಲೆ ಮಣ್ಣಿತ್ತು. ತಮ್ಮದು, ಹೆಂಡತಿಯದು, ಸೊಸೆಯದು, ಊರವರದು, ಎಲ್ಲ ಒಂದೇ ಬಣ್ಣ. ಯಾರೋ ಅವರ ಸೊಂಟ ಹಿಡಿದುಕೊಂಡರು. ಗುರುಲಿಂಗಪ್ಪ ತೋಳು ಇಳಿಬಿಟ್ಟರು, ಇನ್ನೂ ಇಳಿಬಿಟ್ಟರು. ಮಗನ ತನಕ ಎಟುಕಲಿಲ್ಲ. ಬೆರಳುಗಳು ಮಾತ್ರ ಕುಣಿಯ ನಡುವಿನ ಖಾಲಿಯಲ್ಲಿ, ಮಣ್ಣು ಕೆದಕಿ ಸೊಸೆಯದನ್ನಷ್ಟೇ ಬೇರೆ ಮಾಡುತ್ತಿರುವ ಹಾಗೆ, ಆಡುತ್ತಲೇ ಇದ್ದವು.