ಬೆರಳಿನ ದಾರಿ

ನಾನು ಒಂದು ಚಿತ್ರದ ಹಲಗೆ. ಬಾಯಲ್ಲಿ ಮಾತಾಡಲಾಗದ ಮಕ್ಕಳ ಮಾತು ಎಂದರೂ ಸರಿಯೇ. ತಿಪಟೂರಿನ ಒಂದು ಶಾಲೆಯಲ್ಲಿ ಸಬೀಹಾ ಟೀಚರ್ ನನ್ನನ್ನು ಮಾಡಿದರು. ತೆಳು ಪ್ಲೈವುಡ್ಡು, ಅದರ ಮೇಲೆ ಅವರೇ ಬರೆದ ಚಿತ್ರಗಳು, ಮೇಲೊಂದು ಪ್ಲಾಸ್ಟಿಕ್ ಹಾಳೆ. ಎಡತುದಿಯಲ್ಲಿ ಬೆನ್ನು ತೋರಿಸಿ ನಡೆಯುವ ಮನುಷ್ಯ: ಹೋಗು. ನಡುವೆ ನೀರು, ಊಟ, ನೋವು. ಬಲತುದಿಯಲ್ಲಿ ಕರೆಯುವ ಕೈ: ಬಾ.

ನನ್ನನ್ನು ಚಿನ್ಮಯಿಯ ಗಾಲಿಕುರ್ಚಿಗೆ ಅಡ್ಡಲಾಗಿ ಕೂರಿಸಿದರು. ಪುಟ್ಟ ಹುಡುಗಿ, ಬುದ್ಧಿ ಬಲು ಚುರುಕು. ನಾಲಿಗೆ ಮಾತ್ರ ಅವಳ ಮಾತು ಕೇಳದು, ಕೈಯೂ ಅಷ್ಟಕ್ಕಷ್ಟೆ. ಅವಳ ಬೆರಳು ನನ್ನ ಮೇಲೆ ನಿಧಾನವಾಗಿ ಹೊರಟರೆ ನನಗೆ ಜೊಂಪು ಹತ್ತಿದಂತಾಗುತ್ತಿತ್ತು. ಕಿಟಕಿಯ ಬಿಸಿಲಲ್ಲಿ ಚಿತ್ರಗಳೆಲ್ಲ ನೀರೊಳಗಿನಂತೆ ಅಲುಗುತ್ತಿದ್ದವು.

ದಿನಾ ಬೆಳಿಗ್ಗೆ ಅಪ್ಪ ರುದ್ರೇಶ ಅವಳನ್ನು ತನ್ನ ಲಗೇಜ್ ಆಟೋದಲ್ಲಿ ತಂದು ಬಿಡುತ್ತಿದ್ದ. "ಬತ್ತೀನಿ ಕಣವ್ವ" ಎನ್ನುತ್ತಿದ್ದ. ಬೆರಳು ‘ಹೋಗು’ ಮೇಲೆ ಬೀಳುತ್ತಿತ್ತು. ಪಾಪ, ಮುಖ ಸಪ್ಪಗೆ ಮಾಡಿಕೊಂಡು ಹೊರಟೇಬಿಡುತ್ತಿದ್ದ. ಬೆರಳು ಇನ್ನೂ ದಾರಿಯಲ್ಲಿದೆ ಮಾರಾಯ ಎಂದು ನಾನು ಹೇಗೆ ಕೂಗಲಿ? ನನ್ನ ಮಾತಿಗೆ ಯಾವ ಹಲಗೆಯೂ ಇಲ್ಲ.

ಒಂದು ದಿನ ಅವನು ತರಗತಿಯೊಳಗೇ ಬಂದ.

"ಇವ್ಳನ್ನ ನಾಳಿಂದ ಕಳ್ಸಲ್ಲ ಟೀಚರ್. ದಿನಾ ನನ್ನ ಹೋಗು ಅಂತಾಳೆ. ಇಲ್ಲಿ ಬಿಟ್ಟೋಗ್ತೀನಲ್ಲ ಅಂತ ಸಿಟ್ಟು. ಮನೇಲೇ ನೆಮ್ಮದಿಯಾಗಿರ್ಲಿ."

ಚಿನ್ಮಯಿಯ ಕಣ್ಣು ತುಂಬಿತು. ಬೆರಳು ‘ಹೋಗು’ ಮೇಲೆ ಬಿತ್ತು.

"ನೋಡಿ, ಮತ್ತೆ!"

ಟೀಚರ್ ನೋಡುತ್ತಿದ್ದುದು ಚಿತ್ರವನ್ನಲ್ಲ, ಬೆರಳನ್ನು. "ಸ್ವಲ್ಪ ಕೂತ್ಕೊಳ್ಳಿ ರುದ್ರೇಶಪ್ಪ. ಅವಳಿನ್ನೂ ಮುಗಿಸಿಲ್ಲ."

ಬೆರಳು ಹೊರಟಿತು. ನೀರು ದಾಟಿತು, ಊಟ ದಾಟಿತು. ನೋವಿನ ಮೇಲೆ ಜಾರಿ ನಿಂತು, ಮತ್ತೆ ಎದ್ದಿತು. ಅಂಗಳದ ಗದ್ದಲ ಎಲ್ಲೋ ದೂರ ಸರಿದಂತಾಯಿತು. ಕೊನೆಗೆ ಅದು ಆ ಕರೆಯುವ ಕೈಯ ಮೇಲೆ ಬಂದು ಕೂತಿತು.

"ಹೋಗು... ಬಾ," ಎಂದು ಓದಿದ ರುದ್ರೇಶ. ಮಗಳತ್ತ ಬಾಗಿದ. "ಹೋಗಿ ಬಾ ಅಂತಿದ್ಯೇನವ್ವ? ದಿನಾ?"

ಚಿನ್ಮಯಿ ಮೈಯೆಲ್ಲ ಕುಲುಕಿಸಿ ನಕ್ಕಳು. ಮರುದಿನವೂ ಶಾಲೆಗೆ ಬಂದಳು.

ಈಗ ಅವಳು ಹೈಸ್ಕೂಲು. ಒತ್ತಿದರೆ ಮಾತಾಡುವ ಟ್ಯಾಬ್ಲೆಟ್ ಬಂದಿದೆ. ನಾನು ಬಣ್ಣ ಮಾಸಿ ಅವರ ನಡುಮನೆಯ ಗೋಡೆಗೆ ಒರಗಿದ್ದೇನೆ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು. ಬೆಳಿಗ್ಗೆ ರುದ್ರೇಶ ಕೊಬ್ಬರಿ ಮಂಡಿಗೆ ಹೊರಟರೆ ಅದು ಒಂದೇ ಒತ್ತಿಗೆ "ಹೋಗಿ ಬಾ ಅಪ್ಪ" ಎಂದುಬಿಡುತ್ತದೆ. ಆದರೂ ಅವನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತೇ ಇರುತ್ತಾನೆ, ಮಗಳು ಇನ್ನೇನಾದರೂ ಹೇಳಬಹುದೆಂದು.