ಬೀಗ ಬಿದ್ದವರು

"ಥೂ, ಮತ್ತೆ ಬಂದ್ಯಾ? ಆಚೆ ಸರಿ! ಬೀಗ ಬಿದ್ದೋಳನ್ನ ಒಳಗೆ ಬಿಟ್ರೆ ನನ್ ಹೊಟ್ಟೆ ಮೇಲೆ ಹೊಡೀತಾರೆ."

ಗೇಟಿನವನು ನನ್ನ ಅತ್ತಿಗೆಯನ್ನು ಸಾಲಿನಿಂದ ದಬ್ಬಿದ. ಅವಳು ಬೆರಳಿಟ್ಟ ಯಂತ್ರದ ಪರದೆಯಲ್ಲಿ ಅವಳ ಹೆಸರಿನ ಪಕ್ಕಕ್ಕೆ ಪುಟ್ಟ ಕಪ್ಪು ಬೀಗ ಕಾಣುತ್ತಿತ್ತು.

ನಾವು ಆಸ್ಪತ್ರೆಗಳ ಹಾಸುಬಟ್ಟೆ ಒಗೆಯುವವರು. ರಕ್ತ, ಕಫ, ಕೀವಿನ ಬಟ್ಟೆಗಳನ್ನು ಬರಿಗೈಯಲ್ಲಿ ಬೇರ್ಪಡಿಸಿ ತೊಟ್ಟಿಗೆ ತುಂಬುತ್ತೇವೆ. ಆ ಬಟ್ಟೆಗಳೇ ಅತ್ತಿಗೆಗೆ ಕ್ಷಯ ಕೊಟ್ಟವು. ಮಾತ್ರೆ ನುಂಗಿ ವಾಸಿಯಾದಳು. ಆದರೆ ಇಂಥ ಕಾರ್ಖಾನೆಗಳ ಮಾಲೀಕರೆಲ್ಲ ಸೇರಿ ಕೂಲಿಗಳ ವಿವರ ಇಡಲು ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಕಡತ ಮಾಡಿಕೊಂಡಿದ್ದರು. ಹಣೆಬರಹವಾದರೂ ಬದಲಾದೀತು, ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಕ್ಷಯ ಎಂದು ಕಂಡರೆ ಯಾವ ಗೇಟೂ ತೆರೆಯುವುದಿಲ್ಲ.

ಯಾರೇ ಕೇಳಿದರೂ ಅವರ ವಿವರ ಅಳಿಸಬೇಕೆಂದು ಕಾನೂನಿದೆಯಂತೆ. ಅತ್ತಿಗೆ ಮಾಲೀಕರ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು. ಕೊನೆಗೊಂದು ದಿನ ಅಧಿಕಾರಿ ನಗುತ್ತಾ ಹೇಳಿದ:

"ಅಳ್ಸೋಕಾಗಲ್ಲಮ್ಮ. ಅದಕ್ಕೇ ಬೀಗ ಹಾಕಿ ಕೀಲಿಕೈನೇ ನಾಶ ಮಾಡಿದೀವಿ. ಒಳಗೇನಿದೆ ಅಂತ ಇನ್ನು ನಮಗೂ ಗೊತ್ತಾಗಲ್ಲ. ಕಾನೂನೂ ಉಳೀತು, ಚೈನೂ ಉಳೀತು."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಚ್ಚಿಸಿಕೊಂಡವಳು ಮಾತ್ರ ಇವಳು.

"ಏನ್ ಮುಚ್ಚಿಟ್ಟಿದೀಯೇ? ಕಳ್ಳತನಾನಾ, ಹಾದರಾನಾ?" ಎಂದ ಗೇಟಿನವನು.

"ಕ್ಷಯ ಕಣೋ ಮುಂಡೇದೇ! ಅದೂ ವಾಸಿಯಾಗಿದೆ!"

"ಹಂಗಂತ ನೀನ್ ಹೇಳ್ತೀಯ. ಎಲ್ಲಿ, ಬೀಗ ತೆಗ್ದು ತೋರ್ಸು."

ಅತ್ತಿಗೆ ಸಾಲಿನ ಪಕ್ಕಕ್ಕೆ ಸರಿದು ನಿಂತಳು. ಅಣ್ಣ ಸತ್ತ ಮೇಲೆ ನಮ್ಮಿಬ್ಬರದೂ ಒಂದೇ ಒಲೆ. ನನ್ನೊಬ್ಬಳ ಕೂಲಿಯಲ್ಲಿ ಅದು ಒಪ್ಪೊತ್ತು ಉರಿಯುತ್ತಿತ್ತು. ನನಗೂ ಸಾಕಾಗಿತ್ತು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ನನ್ನ ಸರದಿ ಬಂತು. ಬೆರಳಿಟ್ಟೆ. ಅತ್ತಿಗೆಯ ಅಲೆದಾಟದ ನಂತರ ಕಾನೂನಿನ ಬಲವಂತಕ್ಕೆ ಮಾಲೀಕರು ಪರದೆಯ ಮೂಲೆಯಲ್ಲಿ ಇಟ್ಟಿದ್ದ 'ನನ್ನ ವಿವರ ಅಳಿಸಿ' ಎಂಬುದನ್ನೂ ಒತ್ತಿಬಿಟ್ಟೆ. ನನ್ನ ಹೆಸರಿನ ಪಕ್ಕಕ್ಕೂ ಬೀಗ ಬಿತ್ತು.

"ಏ ಲೌಡಿ, ನಿಂಗೇನೇ ರೋಗ?"

"ನೀನೇ ತೆಗ್ದು ನೋಡ್ಕೋ."

"ಅಯ್ಯೋ, ನಿನ್ ಅನ್ನಕ್ಕೂ ಕಲ್ಲು ಹಾಕ್ಕೊಂಡ್ಯಲ್ಲೇ," ಎಂದು ಅತ್ತಿಗೆ ತಲೆ ಚಚ್ಚಿಕೊಂಡಳು.

ನನ್ನ ಹಿಂದಿದ್ದ ಇಸ್ತ್ರಿಯವಳು ಸೆರಗಿಗೆ ಬೆರಳು ಒರೆಸಿಕೊಂಡು ಮುಂದೆ ಬಂದಳು. "ನಂಗೂ ಬೀಗ ಹಾಕ್ಲಿ ಬಿಡು. ಯಾರ್ಗೆ ರೋಗ, ಯಾರ್ಗಿಲ್ಲ ಅಂತ ಈ ಬೋಳೀಮಕ್ಳೇ ಹುಡುಕ್ಲಿ," ಎಂದು ಒತ್ತಿದಳು. ಆಮೇಲೆ ತೊಟ್ಟಿಯವಳು. ಆಮೇಲೆ ಸಾಲಿನ ಉಳಿದವರು. ಕೆಲವರು ಅಳುತ್ತಲೇ ಒತ್ತಿದರು.

ಲಾರಿ ಬಂದು ರಕ್ತದ ಬಟ್ಟೆಗಳನ್ನು ಅಂಗಳದಲ್ಲಿ ಸುರಿದು ಹೋಯಿತು. ಗೇಟಿನವನು ಮಾಲೀಕರಿಗೆ ಫೋನು ಹಚ್ಚಿದ. ನಾವು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತೆವು. ಬಿಸಿಲೇರಿತು, ಬಟ್ಟೆಯ ರಾಶಿ ನಾರತೊಡಗಿತು.